ರೈಲಿನ ಹಿಂದೆ ಓಡಿದವನು: ಪೋಲೆಂಡಿನ ಕೆಲವು ನಟರ ನೆನಪು

ರೈಲು ಹೊರಟುಬಿಟ್ಟಿದೆ. ಒಬ್ಬ ಮನುಷ್ಯ ಅದರ ಜೊತೆಜೊತೆಗೇ ಓಡುತ್ತಾನೆ, ಹತ್ತಲು ಹೋಗಿ ಜಾರುತ್ತಾನೆ, ಗಾಲಿಗಳ ಕಡೆಗೆ ಬಿದ್ದು ಕಾಣೆಯಾಗುತ್ತಾನೆ. ನೋಡುತ್ತಿರುವವರ ಎದೆ ಧಸಕ್ಕೆನ್ನುತ್ತದೆ. ಸ್ವಲ್ಪ ಹೊತ್ತಿನಲ್ಲೇ ಇದು ಸಿನಿಮಾದೊಳಗಿನ ಸಿನಿಮಾ ಎಂದು ತಿಳಿಯುತ್ತದೆ. ಓಡಿದವನು ನಿರ್ದೇಶಕ. ಆ ದೃಶ್ಯದಲ್ಲಿ ಓಡಬೇಕಾಗಿದ್ದ ನಟ ಬಂದೇ ಇಲ್ಲ. ಅವನೆಲ್ಲಿ ಹೋದ ಎಂದು ಹೆಂಡತಿ, ಗೆಳೆಯರು, ಚಿತ್ರತಂಡದವರು ಎಲ್ಲರೂ ಹುಡುಕಲು ಶುರುಮಾಡುತ್ತಾರೆ. ಹುಡುಕುತ್ತಿರುವಾಗಲೇ ರೇಡಿಯೋದಲ್ಲಿ ಸುದ್ದಿ ಬರುತ್ತದೆ: ಅವನು ಸತ್ತಿದ್ದಾನೆ.

ಇದು ಆಂಜೆಯ್ ವಾಯ್ದಾ ನಿರ್ದೇಶಿಸಿದ ‘ಎಲ್ಲವೂ ಮಾರಾಟಕ್ಕಿದೆ’ ಚಿತ್ರದ ಆರಂಭ. ತೆರೆಗೆ ಬಂದದ್ದು 1969ರಲ್ಲಿ. ಸತ್ತ ನಟನ ಹೆಸರನ್ನು ಇಡೀ ಚಿತ್ರದಲ್ಲಿ ಯಾರೂ ಒಮ್ಮೆಯೂ ಹೇಳುವುದಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ. ಪೋಲೆಂಡಿನ ಪ್ರೇಕ್ಷಕರಿಗೆಲ್ಲ ಅದು ಝ್ಬಿಗ್ನ್ಯೆವ್ ಸಿಬುಲ್ಸ್ಕಿ ಎಂದು ಗೊತ್ತಿತ್ತು. 1967ರ ಜನವರಿ 8ರ ಬೆಳಗಿನ ಜಾವ ವ್ರೊತ್ಸ್‌ವಾಫ್ ನಗರದ ನಿಲ್ದಾಣದಲ್ಲಿ, ಆಗಲೇ ಹೊರಟಿದ್ದ ವಾರ್ಸಾ ರೈಲಿಗೆ ಹಾರಿ ಹತ್ತಲು ಹೋಗಿ ಆತ ಕೆಳಗೆ ಬಿದ್ದ. ಆಗ ಅವನಿಗೆ 39 ವರ್ಷ.

ಸತ್ತ ನಟನನ್ನು ನೆನೆಯುವುದು ಹೇಗೆ ಎಂಬ ಪ್ರಶ್ನೆಯನ್ನು ವಾಯ್ದಾನ ಈ ಚಿತ್ರದಷ್ಟು ನೇರವಾಗಿ ಕೇಳಿಕೊಂಡ ಸಿನಿಮಾ ನಾನು ನೋಡಿದವುಗಳಲ್ಲಿ ಇನ್ನೊಂದಿಲ್ಲ. ಹಾಗೆಯೇ, ಆ ಪ್ರಶ್ನೆಗೆ ತಪ್ಪು ಉತ್ತರ ಎಷ್ಟು ಸುಲಭವಾಗಿ ಸಿಗುತ್ತದೆ ಎನ್ನುವುದಕ್ಕೂ ಇದೇ ಒಳ್ಳೆಯ ಉದಾಹರಣೆ. ಆ ತಪ್ಪು ಉತ್ತರ ನಮಗೆಲ್ಲ ಪರಿಚಿತವೇ. ನಟನೊಬ್ಬ ತೀರಿಕೊಂಡ ದಿನ ನಾವು ಅವನ ಸಾವನ್ನು ಕೈಯಲ್ಲಿ ಹಿಡಿದುಕೊಂಡು ಅವನ ಪಾತ್ರಗಳ ಕಡೆಗೆ ಹಿಂದಿರುಗುತ್ತೇವೆ. ಯಾವುದೋ ದೃಶ್ಯದಲ್ಲಿ, ಯಾವುದೋ ಮಾತಿನಲ್ಲಿ ಸಾವಿನ ಮುನ್ಸೂಚನೆ ಹುಡುಕಿ ತೆಗೆಯುತ್ತೇವೆ. ‘ನೋಡಿ, ಆಗಲೇ ಹೇಳಿಬಿಟ್ಟಿದ್ದ’ ಎನ್ನುತ್ತೇವೆ. ಆ ಭರದಲ್ಲಿ ಅವನು ಮಾಡಿದ ಕೆಲಸ ಕಣ್ಣಿಗೆ ಬೀಳದೆ ಹೋಗುತ್ತದೆ.

ಸಿಬುಲ್ಸ್ಕಿಯ ವಿಷಯದಲ್ಲಂತೂ ಈ ಆಮಿಷ ತುಂಬ ದೊಡ್ಡದು. 1959ರಲ್ಲಿ ಯೆಝಿ ಕವಲೆರೊವಿಚ್ ಮಾಡಿದ ‘ರೈಲು’ ಚಿತ್ರದಲ್ಲಿ ಆತ ತನ್ನನ್ನು ಬೇಡವೆಂದ ಹೆಣ್ಣಿನ ಬೆನ್ನುಹತ್ತಿ ಅವಳಿರುವ ರಾತ್ರಿ ರೈಲನ್ನೇ ಏರುತ್ತಾನೆ. 1965ರ ‘ಸಾಲ್ತೊ’ ಚಿತ್ರ ಶುರುವಾಗುವುದೇ ಆತ ಓಡುವ ರೈಲಿನಿಂದ ಹೊರಗೆ ಹಾರುವುದರಿಂದ. ಆಮೇಲೆ ಅವನ ನಿಜವಾದ ಸಾವು. ಈ ಮೂರನ್ನೂ ಒಂದು ದಾರದಲ್ಲಿ ಪೋಣಿಸಿದರೆ ವಿಧಿಲಿಖಿತದಂಥ ಕತೆಯೊಂದು ಸಿದ್ಧವಾಗುತ್ತದೆ. ಆದರೆ ಅವನು ನಟಿಸಿದ ಹಲವಾರು ಚಿತ್ರಗಳಲ್ಲಿ ರೈಲೇ ಇಲ್ಲ ಎನ್ನುವುದನ್ನು ಆ ಕತೆ ಹೇಳುವುದಿಲ್ಲ.

ಹಾಗಾಗಿ ರೈಲನ್ನು ಸ್ವಲ್ಪ ಬದಿಗಿಟ್ಟು ಕೆಲಸವನ್ನು ನೋಡೋಣ.

*

ಸಿಬುಲ್ಸ್ಕಿ ಹುಟ್ಟಿದ್ದು 1927ರ ನವೆಂಬರ್ 3ರಂದು, ಇಂದು ಉಕ್ರೇನಿನಲ್ಲಿರುವ ಕ್ನ್ಯಾಜೆ ಎಂಬ ಹಳ್ಳಿಯಲ್ಲಿ. ಯುದ್ಧ ಶುರುವಾದಾಗ ಅವನಿಗಿನ್ನೂ ಹನ್ನೆರಡು ತುಂಬಿರಲಿಲ್ಲ. ಯುದ್ಧ ಮುಗಿದಾಗ ಹುಟ್ಟಿದೂರು ಪೋಲೆಂಡಿನೊಳಗೆ ಉಳಿದಿರಲಿಲ್ಲ. ಕ್ರಾಕೊವ್‌ನ ನಾಟಕಶಾಲೆಯಲ್ಲಿ 1953ರವರೆಗೆ ಓದಿದ. ಅಲ್ಲಿಂದ ಸಮುದ್ರ ತೀರದ ಗ್ದಾನ್ಸ್ಕ್‌ಗೆ ಹೋಗಿ, ಗೆಳೆಯ ಬೊಗುಮಿಲ್ ಕೊಬಿಯೆಲಾನ ಜೊತೆ ‘ಬಿಮ್-ಬೊಮ್’ ಎಂಬ ವಿದ್ಯಾರ್ಥಿ ರಂಗತಂಡ ಕಟ್ಟಿದ. ಸ್ಟಾಲಿನ್ ಸತ್ತು ಸ್ವಲ್ಪವೇ ಕಾಲವಾಗಿತ್ತು. ಕಾರ್ಖಾನೆ, ಟ್ರ್ಯಾಕ್ಟರು, ಆದರ್ಶ ಕಾರ್ಮಿಕ ಇವುಗಳನ್ನೇ ನೋಡಿ ಬೇಸತ್ತಿದ್ದ ಹುಡುಗ ಹುಡುಗಿಯರಿಗೆ ಕಡಿಮೆ ಮಾತು, ಹೆಚ್ಚು ಅಂಗಚೇಷ್ಟೆ, ಸಣ್ಣ ಸಣ್ಣ ತುಣುಕುಗಳಿದ್ದ ಈ ರಂಗಭೂಮಿ ಹೊಸ ಗಾಳಿಯಂತೆ ಬಂತು. ಆ ದಿನಗಳ ವಾತಾವರಣ ಹೇಗಿತ್ತು ಎಂದು ತಿಳಿಯಬೇಕಾದವರು ಯಾನುಶ್ ಮೊರ್ಗೆನ್‌ಸ್ಟೆರ್ನ್‌ನ ‘ಹೋಗಿಬರುತ್ತೇನೆ, ನಾಳೆ ಸಿಗೋಣ’ ಚಿತ್ರ ನೋಡಬೇಕು. 1960ರ ಆ ಚಿತ್ರದ ಬರವಣಿಗೆಯಲ್ಲಿ ಸಿಬುಲ್ಸ್ಕಿಯ ಪಾಲೂ ಇದೆ.

ಅವನನ್ನು ಜಗತ್ತಿಗೆ ತೋರಿಸಿದ್ದು 1958ರ ‘ಬೂದಿ ಮತ್ತು ವಜ್ರ’. ಮೂಲ ಯೆಝಿ ಆಂಜೆಯೆವ್ಸ್ಕಿಯ ಕಾದಂಬರಿ, ಅದು 1948ರದು. ಚಿತ್ರದ ಕತೆ ನಡೆಯುವುದು ಒಂದೇ ದಿನ, ಒಂದೇ ರಾತ್ರಿ: 1945ರ ಮೇ 8, ಯುರೋಪಿನಲ್ಲಿ ಯುದ್ಧ ಮುಗಿದ ದಿನ. ನಾತ್ಸಿಗಳ ವಿರುದ್ಧ ಭೂಗತವಾಗಿ ಹೋರಾಡಿದ ‘ಗೃಹ ಸೈನ್ಯ’ದ ಹುಡುಗರಿಗೆ ಈಗ ಹೊಸ ಆಜ್ಞೆ ಬಂದಿದೆ, ಊರಿಗೆ ಬಂದಿರುವ ಕಮ್ಯುನಿಸ್ಟ್ ನಾಯಕ ಶ್ಚುಕಾನನ್ನು ಕೊಲ್ಲಬೇಕು. ಮಾಚೆಕ್ ಎಂಬ ತರುಣ ಮೊದಲ ಯತ್ನದಲ್ಲಿ ತಪ್ಪು ಜನರನ್ನು ಕೊಲ್ಲುತ್ತಾನೆ. ಆ ರಾತ್ರಿ ಹೋಟೆಲಿನ ಬಾರಿನಲ್ಲಿ ಕೆಲಸ ಮಾಡುವ ಕ್ರಿಸ್ತೀನಾಳ ಮೇಲೆ ಪ್ರೀತಿ ಹುಟ್ಟುತ್ತದೆ, ಬದುಕಬೇಕೆನ್ನಿಸುತ್ತದೆ. ಆದರೂ ಶ್ಚುಕಾನನ್ನು ಕೊಲ್ಲುತ್ತಾನೆ. ಬೆಳಗಾಗುವಾಗ ತಾನೂ ಸಾಯುತ್ತಾನೆ.

ಸಿಬುಲ್ಸ್ಕಿ ಇಲ್ಲಿ ಮಾಡಿದ ಮೊದಲ ಕೆಲಸ, 1945ರ ಉಡುಪನ್ನು ಬೇಡವೆಂದದ್ದು. ತಾನು ದಿನವೂ ತೊಡುವ ಬಟ್ಟೆಯಲ್ಲೇ ನಟಿಸಿದ. ಕಪ್ಪು ಕನ್ನಡಕವೂ ಅವನದೇ, ಅವನಿಗೆ ದೃಷ್ಟಿದೋಷವಿತ್ತು. ಚಾರಿತ್ರಿಕ ನಿಖರತೆಯ ದೃಷ್ಟಿಯಿಂದ ನೋಡಿದರೆ ಇದು ತಪ್ಪೇ. ಆದರೆ ಈ ತಪ್ಪಿನಿಂದ ಒಂದು ದೊಡ್ಡ ಕೆಲಸ ಆಯಿತು. 1945ರಲ್ಲಿ ಸೋತ ಸೈನಿಕನ ಕತೆ 1958ರಲ್ಲಿ ಟಿಕೆಟ್ ಕೊಂಡು ಬಂದ ಹುಡುಗನ ಕತೆಯಾಯಿತು. ತೆರೆಯ ಮೇಲಿದ್ದವನು ಇತಿಹಾಸದ ಪಾಠದಿಂದ ಎದ್ದುಬಂದವನಂತೆ ಕಾಣಲಿಲ್ಲ, ಪಕ್ಕದ ಸೀಟಿನವನಂತೆ ಕಂಡ. ಕನ್ನಡಕಕ್ಕೂ ಚಿತ್ರದೊಳಗೆ ಒಂದು ಕಾರಣ ಸಿಕ್ಕಿತು. 1944ರ ವಾರ್ಸಾ ದಂಗೆಯಲ್ಲಿ ಹೋರಾಟಗಾರರು ಚರಂಡಿಯ ಕೊಳವೆಗಳಲ್ಲಿ ಕತ್ತಲಲ್ಲೇ ಓಡಾಡಿದ್ದರು. ಮಾಚೆಕ್ ಅವರಲ್ಲೊಬ್ಬ, ಅವನ ಕಣ್ಣಿಗೆ ಈಗ ಬೆಳಕು ಆಗುವುದಿಲ್ಲ. ನಟನ ದೃಷ್ಟಿದೋಷ ಪಾತ್ರದ ಗಾಯವಾಗಿ ಬದಲಾದ ಬಗೆ ಇದು.

ಚಿತ್ರದಲ್ಲಿ ಎಲ್ಲರೂ ನೆನೆಯುವ ದೃಶ್ಯವೊಂದಿದೆ. ಬಾರಿನ ಕಟ್ಟೆಯ ಮೇಲೆ ಮಾಚೆಕ್ ಮದ್ಯದ ಸಣ್ಣ ಗ್ಲಾಸುಗಳನ್ನು ಸಾಲಾಗಿಟ್ಟು ಒಂದೊಂದಕ್ಕೇ ಬೆಂಕಿ ಹಚ್ಚುತ್ತಾನೆ. ಒಂದೊಂದು ಜ್ವಾಲೆಯೂ ಸತ್ತ ಒಬ್ಬೊಬ್ಬ ಸಂಗಾತಿಗೆ. ಪಕ್ಕದಲ್ಲಿ ನಿಂತ ಆಂಜೆಯ್ ಮೊದಲು ತಬ್ಬಿಬ್ಬಾಗುತ್ತಾನೆ, ಆಮೇಲೆ ಹೆಸರುಗಳು ಒಂದೊಂದಾಗಿ ಹೊರಬರುತ್ತವೆ. ಈ ದೃಶ್ಯದ ಫೋಟೋ ಮಾತ್ರ ನೋಡಿದವರು ಇದನ್ನು ಗಂಭೀರವಾದ ಶ್ರದ್ಧಾಂಜಲಿ ಎಂದುಕೊಳ್ಳುತ್ತಾರೆ. ಸಿನಿಮಾದಲ್ಲಿ ಸಿಬುಲ್ಸ್ಕಿ ಮಾಡುವುದು ಬೇರೆಯೇ. ಗ್ಲಾಸುಗಳನ್ನು ಆಟದಂತೆ ಜಾರಿಸುತ್ತಾನೆ, ಗೆಳೆಯನ ಗಂಭೀರ ಮುಖ ನೋಡಿ ಅವನಿಗೆ ನಗು ಬರುತ್ತದೆ. ಸತ್ತವರು ಅವನ ಪಾಲಿಗೆ ಹುತಾತ್ಮರಾಗಿಲ್ಲ, ಇನ್ನೂ ತುಂಟ ಹುಡುಗರಾಗಿಯೇ ಉಳಿದಿದ್ದಾರೆ. ಆ ನಗು ಇಲ್ಲದಿದ್ದರೆ ದೃಶ್ಯ ಭಾಷಣವಾಗುತ್ತಿತ್ತು.

ಕೊಲೆಯ ದೃಶ್ಯದಲ್ಲೂ ಹೀಗೆಯೇ. ಗುಂಡು ತಗುಲಿದ ಶ್ಚುಕಾ ಮುಂದಕ್ಕೆ ಕುಸಿದು ಕೊಂದವನ ತೋಳಿಗೇ ಬೀಳುತ್ತಾನೆ. ಮಾಚೆಕ್ ಅವನನ್ನು ಅಪ್ಪಿ ಹಿಡಿಯುತ್ತಾನೆ. ಅದೇ ಹೊತ್ತಿಗೆ ಆಕಾಶದಲ್ಲಿ ವಿಜಯೋತ್ಸವದ ಬಾಣಬಿರುಸು. ಮಗನೊಬ್ಬ ತಂದೆಯನ್ನು ಹಿಡಿದುಕೊಂಡಂತೆ ಕಾಣುವ ಆ ಅಪ್ಪುಗೆಯಲ್ಲಿ ಎರಡು ಪೋಲೆಂಡುಗಳಿವೆ, ಎರಡಕ್ಕೂ ಜಯವಿಲ್ಲ. ಕೊನೆಯಲ್ಲಿ ಮಾಚೆಕ್ ಒಣಹಾಕಿದ ಬಿಳಿ ಬಟ್ಟೆಗಳ ನಡುವೆ ಅಡಗುತ್ತಾನೆ, ಬಟ್ಟೆಯ ಮೇಲೆ ರಕ್ತ ಮೂಡುತ್ತದೆ. ಆಮೇಲೆ ಕಸದ ರಾಶಿಯ ಮೇಲೆ ಬಿದ್ದು ಮುದುಡಿ, ನರಳಿ, ಕಾಲು ಬಡಿದು ಸಾಯುತ್ತಾನೆ. ಇದು ವೀರನ ಸಾವಿನಂತಿಲ್ಲ, ಮಗುವೊಂದು ಹೊಟ್ಟೆನೋವಿನಿಂದ ಒದ್ದಾಡಿದಂತಿದೆ. ದೇಶದ್ರೋಹಿಗೆ ಕಸದ ಬುಟ್ಟಿಯೇ ಗತಿ ಎಂದು ಸರ್ಕಾರದ ಕಡೆಯವರು ಓದಿಕೊಳ್ಳಬಹುದಿತ್ತು. ನಮ್ಮ ಹುಡುಗನನ್ನು ಇತಿಹಾಸ ಕಸಕ್ಕೆ ಎಸೆಯಿತು ಎಂದು ಪ್ರೇಕ್ಷಕರು ಓದಿಕೊಂಡರು. ಸಿಬುಲ್ಸ್ಕಿಯ ದೇಹ ಇವೆರಡರಲ್ಲಿ ಯಾವುದಕ್ಕೂ ಪೂರ್ತಿ ಒಗ್ಗಲಿಲ್ಲ. ಅದು ಸುಮ್ಮನೆ ನೋವು ಅನುಭವಿಸಿತು, ಅಷ್ಟೆ.

*

ಒಂದು ಪಾತ್ರ ಇಷ್ಟು ದೊಡ್ಡದಾದ ಮೇಲೆ ನಟನಿಗೆ ಉಳಿಯುವ ದಾರಿಗಳು ಎರಡು. ಜೀವನಪೂರ್ತಿ ಅದನ್ನೇ ಮತ್ತೆ ಮತ್ತೆ ಮಾಡುತ್ತ ಹೋಗುವುದು ಒಂದು, ಅದರೊಂದಿಗೆ ಜಗಳವಾಡುವುದು ಇನ್ನೊಂದು. ಸಿಬುಲ್ಸ್ಕಿ ಜಗಳವಾಡಿದ. ಅವನ ಬಗ್ಗೆ ಬರೆಯುವವರು ಹೆಚ್ಚು ಒತ್ತುಕೊಡಬೇಕಾದದ್ದು ಇಲ್ಲಿ ಎಂದು ನನಗನ್ನಿಸುತ್ತದೆ.

1962ರಲ್ಲಿ ಐದು ದೇಶಗಳ ನಿರ್ದೇಶಕರು ಸೇರಿ ಮಾಡಿದ ‘ಇಪ್ಪತ್ತರ ಪ್ರೀತಿ’ ಎಂಬ ಚಿತ್ರಗುಚ್ಛದಲ್ಲಿ ವಾಯ್ದಾನದೂ ಒಂದು ಕಿರುಚಿತ್ರವಿದೆ. ಮೃಗಾಲಯದಲ್ಲಿ ಕರಡಿಯ ಗುಂಡಿಗೆ ಬಿದ್ದ ಮಗುವನ್ನು ಒಬ್ಬ ಕಾಪಾಡುತ್ತಾನೆ. ಅವನೇ ಸಿಬುಲ್ಸ್ಕಿ, ಈಗ ನಡುವಯಸ್ಸಿನವನು. ಅಲ್ಲಿದ್ದ ತರುಣಿಯೊಬ್ಬಳು ಮೆಚ್ಚಿ ಮನೆಗೆ ಕರೆದೊಯ್ಯುತ್ತಾಳೆ. ಅವಳ ಗೆಳೆಯರು ಬರುತ್ತಾರೆ, ಕಣ್ಣಿಗೆ ಬಟ್ಟೆ ಕಟ್ಟಿ ಆಟವಾಡಿಸುತ್ತಾರೆ. ಕಣ್ಣು ಮುಚ್ಚಿದ ಕ್ಷಣ ಅವನೊಳಗೆ ಯುದ್ಧ ಎದ್ದು ಕೂರುತ್ತದೆ. ಹುಡುಗರಿಗೋ ನಗು. ಮಾಚೆಕ್ ಬದುಕಿ ಉಳಿದಿದ್ದರೆ ಏನಾಗುತ್ತಿತ್ತು ಎಂಬುದಕ್ಕೆ ಅವನದೇ ಮುಖದ ಉತ್ತರ ಇದು: ಹೊಸ ತಲೆಮಾರಿಗೆ ಅವನು ತಮಾಷೆಯ ವಸ್ತು.

ಮರುವರ್ಷ ವೊಯ್ಚೆಖ್ ಹಾಸ್‌ನ ‘ಪ್ರೀತಿಸಲ್ಪಡುವುದು ಹೇಗೆ’ ಬಂತು. ಸಿಬುಲ್ಸ್ಕಿ ಇನ್ನೂ ಮುಂದೆ ಹೋದ. ಫೆಲಿತ್ಸಿಯಾ ಎಂಬ ನಟಿ ವಿಮಾನದಲ್ಲಿ ಪ್ಯಾರಿಸ್ಸಿಗೆ ಹೋಗುತ್ತ ಹಳೆಯದನ್ನು ನೆನೆಯುತ್ತಾಳೆ. 1939ರಲ್ಲಿ ಅವಳು ಒಫೀಲಿಯಾ ಆಗಿ ಮೊದಲ ಸಲ ರಂಗಕ್ಕೆ ಬರಬೇಕಿತ್ತು, ಯುದ್ಧ ಬಂತು. ಅವಳು ಪ್ರೀತಿಸುವ ನಟ ವಿಕ್ತೊರ್ ಮೇಲೆ, ಜರ್ಮನ್ನರ ಕಡೆಯವನೊಬ್ಬನನ್ನು ಕೊಂದ ಆರೋಪ ಬರುತ್ತದೆ. ಅವನನ್ನು ವರ್ಷಗಟ್ಟಲೆ ತನ್ನ ಕೋಣೆಯಲ್ಲಿ ಬಚ್ಚಿಡುತ್ತಾಳೆ. ಅದಕ್ಕಾಗಿ ಜರ್ಮನ್ನರ ಆಡಳಿತದ ರಂಗಮಂದಿರದಲ್ಲಿ ಕೆಲಸ ಮಾಡುತ್ತಾಳೆ, ಸೈನಿಕರಿಂದ ಅತ್ಯಾಚಾರಕ್ಕೆ ಒಳಗಾಗುತ್ತಾಳೆ. ಯುದ್ಧ ಮುಗಿದ ಮೇಲೆ ಶತ್ರುವಿನೊಂದಿಗೆ ಸೇರಿದವಳು ಎಂದು ಶಿಕ್ಷೆಯೂ ಅವಳಿಗೇ. ವಿಕ್ತೊರ್ ಮಾತ್ರ ತನ್ನ ಶೌರ್ಯ ಯಾರಿಗೂ ತಿಳಿಯುತ್ತಿಲ್ಲವಲ್ಲ ಎಂದು ಕೊರಗುತ್ತಾನೆ. ಮುಂದೆ ಕುಡಿತಕ್ಕೆ ಬಿದ್ದು, ಬಾರುಗಳಲ್ಲಿ ಸಾಹಸದ ಕತೆ ಹೇಳಿಕೊಂಡು ತಿರುಗುತ್ತಾನೆ.

ದೇಶವೇ ವೀರನೆಂದು ಅಪ್ಪಿಕೊಂಡ ಮುಖವನ್ನು ಸಿಬುಲ್ಸ್ಕಿ ಇಲ್ಲಿ ಒಬ್ಬ ಡಾಂಭಿಕನಿಗೆ ಕೊಟ್ಟುಬಿಟ್ಟಿದ್ದಾನೆ. ಕನ್ನಡಿಯ ಮುಂದೆ ನಿಂತು ತನ್ನನ್ನು ತಾನೇ ಮೆಚ್ಚಿಕೊಳ್ಳುವವನ ಅಹಂಕಾರ, ಕೋಣೆಯಲ್ಲಿ ಕೂತು ಕೊಳೆಯುವವನ ಅವಮಾನ, ಎರಡೂ ಅವನ ಹೆಗಲಿನ ಇಳಿತದಲ್ಲೇ ಕಾಣುತ್ತವೆ. ಚಿತ್ರದ ನಿಜವಾದ ಶೌರ್ಯ ಬಾರ್ಬರಾ ಕ್ರಾಫ್ಟೂವ್ನಾಳ ಮುಖದ ಮೇಲಿದೆ. 1928ರಲ್ಲಿ ಹುಟ್ಟಿ 2022ರವರೆಗೆ ಬದುಕಿದ ಈಕೆಯ ಫೆಲಿತ್ಸಿಯಾಗೆ ಅಳುವುದಕ್ಕೂ ಪುರುಸೊತ್ತಿಲ್ಲ. ವಿಮಾನದಲ್ಲಿ ಕೂತು ಕಾಗ್ನ್ಯಾಕ್ ಹೀರುತ್ತ, ಪಕ್ಕದವನೊಂದಿಗೆ ಹಗುರವಾಗಿ ಮಾತಾಡುತ್ತ, ಒಳಗೊಳಗೇ ಎಲ್ಲ ಲೆಕ್ಕ ಹಾಕುತ್ತಾಳೆ. ಪೋಲೆಂಡಿನ ಸಿನಿಮಾದಲ್ಲಿ ಯುದ್ಧವನ್ನು ಹೆಂಗಸಿನ ಕಡೆಯಿಂದ ಹೇಳಿದ ದೊಡ್ಡ ಅಭಿನಯಗಳಲ್ಲಿ ಇದೊಂದು. ಆದರೂ ಪೋಲೆಂಡಿನ ಹೊರಗೆ ಎಷ್ಟು ಜನರಿಗೆ ಅವಳ ಹೆಸರು ಗೊತ್ತು?

ಎರಡು ವರ್ಷಗಳ ನಂತರ ಬಂದ ತದೇವುಶ್ ಕೊನ್ವಿಟ್ಸ್ಕಿಯ ‘ಸಾಲ್ತೊ’ದಲ್ಲಿ ಸಿಬುಲ್ಸ್ಕಿ ಯಾವುದೋ ಹಳ್ಳಿಗೆ ಬಂದಿಳಿಯುವ ಅಪರಿಚಿತ. ಯುದ್ಧಕಾಲದಲ್ಲಿ ಇಲ್ಲಿ ಅಡಗಿದ್ದೆ ಎನ್ನುತ್ತಾನೆ, ಭವಿಷ್ಯ ಹೇಳುತ್ತಾನೆ, ಜನರನ್ನು ಮರುಳು ಮಾಡಿ ಒಂದು ವಿಚಿತ್ರ ಕುಣಿತ ಕುಣಿಸುತ್ತಾನೆ. ಅವನು ಹೇಳಿದ್ದರಲ್ಲಿ ಎಷ್ಟು ನಿಜ ಎಂದು ಕೊನೆಗೂ ಸ್ಪಷ್ಟವಾಗುವುದಿಲ್ಲ. ಮಾಚೆಕ್‌ನನ್ನು ನೆನಪಿಸುವ ಅದೇ ಕಪ್ಪು ಕನ್ನಡಕ ಈಗ ಮೋಸಗಾರನ ವೇಷದಂತೆ ಕಾಣುತ್ತದೆ.

ಈ ಮೂರು ಚಿತ್ರಗಳನ್ನು ಒಟ್ಟಿಗೆ ಇಟ್ಟು ನೋಡಿದರೆ ಒಂದು ಮಾತು ಸ್ಪಷ್ಟ. ಹುತಾತ್ಮನ ದಂತಕತೆಯನ್ನು ಬಿಚ್ಚಿ ನೋಡುವ ಕೆಲಸವನ್ನು ಸಿಬುಲ್ಸ್ಕಿ ಬದುಕಿದ್ದಾಗಲೇ ಶುರುಮಾಡಿದ್ದ. ಅವನು ಸತ್ತ ಕೂಡಲೇ ನಾಡು ಅದೇ ದಂತಕತೆಯನ್ನು ಹೊಲಿದು ಅವನಿಗೇ ತೊಡಿಸಿತು. ಇದರಷ್ಟು ದೊಡ್ಡ ವಿಪರ್ಯಾಸ ನಟನೊಬ್ಬನಿಗೆ ಬೇರೆ ಬೇಕಿಲ್ಲ.

*

ಈಗ ಮತ್ತೆ ವಾಯ್ದಾನ ಚಿತ್ರಕ್ಕೆ ಬರೋಣ. ‘ಎಲ್ಲವೂ ಮಾರಾಟಕ್ಕಿದೆ’ಯಲ್ಲಿ ನಟರೆಲ್ಲ ಹೆಚ್ಚುಕಡಿಮೆ ತಮ್ಮ ಹೆಸರಿನಲ್ಲೇ ಇದ್ದಾರೆ. ಬೆಯಾತಾ ತಿಶ್ಕೆವಿಚ್ ಬೆಯಾತಾ ಆಗಿ, ಎಲ್ಜ್ಬಿಯೆತಾ ಚಿಜೆವ್ಸ್ಕಾ ಎಲಾ ಆಗಿ, ದಾನಿಯೆಲ್ ಓಲ್ಬ್ರಿಖ್ಸ್ಕಿ ದಾನಿಯೆಲ್ ಆಗಿ. ನಿರ್ದೇಶಕನ ಪಾತ್ರದಲ್ಲಿ ಆಂಜೆಯ್ ವಪಿತ್ಸ್ಕಿ, ಅವನ ಹೆಸರೂ ಆಂಜೆಯ್. ಗೆಳೆಯನ ಸಾವಿನಿಂದ ಕಂಗೆಟ್ಟ ಈ ನಿರ್ದೇಶಕ ದುಃಖಿಸುತ್ತಿರುವಾಗಲೇ ಅದನ್ನು ಹೇಗೆ ಚಿತ್ರೀಕರಿಸಲಿ ಎಂದು ಯೋಚಿಸುತ್ತಾನೆ. ತನ್ನ ಬಗ್ಗೆ ತಾನೇ ಹೇಸುತ್ತಾನೆ, ಆದರೂ ಯೋಚನೆ ನಿಲ್ಲಿಸುವುದಿಲ್ಲ. ಶೀರ್ಷಿಕೆಯೇ ತಪ್ಪೊಪ್ಪಿಗೆ.

ಈ ಪ್ರಾಮಾಣಿಕತೆಯನ್ನು ಮೆಚ್ಚಬೇಕು. ಹಾಗೆಂದು ತಪ್ಪೊಪ್ಪಿಕೊಂಡ ಮಾತ್ರಕ್ಕೆ ತಪ್ಪು ಇಲ್ಲವಾಗುವುದಿಲ್ಲ. ಚಿತ್ರ ಮುಗಿಯುವ ಹೊತ್ತಿಗೆ ಸತ್ತವನ ಜಾಗಕ್ಕೆ ಹೊಸಬ ಸಿದ್ಧನಾಗಿದ್ದಾನೆ. ಕುದುರೆಗಳ ಹಿಂಡಿನ ಜೊತೆ ಓಡುವ ದಾನಿಯೆಲ್‌ನ ಹಿಂದೆ ಕ್ಯಾಮರಾ ಉತ್ಸಾಹದಿಂದ ಓಡುತ್ತದೆ. ಬದುಕು ಮುಂದುವರಿಯುತ್ತದೆ ಎಂದು ಇದನ್ನು ಓದಬಹುದು. ಕ್ಯಾಮರಾಗೆ ಓಡುವವನೊಬ್ಬ ಬೇಕು, ಯಾರಾದರೂ ಸರಿ ಎಂದೂ ಓದಬಹುದು. ಚಿತ್ರದ ಆಚೆಗೂ ಅದೇ ಆಯಿತು. ಸಿಬುಲ್ಸ್ಕಿಯ ಹೆಸರಿನಲ್ಲಿ ತರುಣ ನಟರಿಗೆಂದು 1969ರಲ್ಲಿ ಒಂದು ಪ್ರಶಸ್ತಿ ಸ್ಥಾಪನೆಯಾಯಿತು. ಅದನ್ನು ಮೊದಲು ಪಡೆದವನು ಓಲ್ಬ್ರಿಖ್ಸ್ಕಿ.

ಈ ಚಿತ್ರದಲ್ಲಿ ಗೆಳೆಯನಿಗಾಗಿ ಶೋಕಿಸುವವರಲ್ಲಿ ಕೊಬಿಯೆಲಾ ಕೂಡ ಇದ್ದಾನೆ. ‘ಬಿಮ್-ಬೊಮ್’ ಕಾಲದ ಅದೇ ಕೊಬಿಯೆಲಾ. ‘ಬೂದಿ ಮತ್ತು ವಜ್ರ’ದಲ್ಲಿ ಎರಡೂ ಕಡೆಗೆ ಕೆಲಸ ಮಾಡಿ, ಕುಡಿದು, ಔತಣಕೂಟದ ಮೇಜಿನ ಮೇಲೆ ಬೆಂಕಿ ಆರಿಸುವ ಯಂತ್ರದಿಂದ ನೊರೆ ಚಿಮ್ಮಿಸುವ ದ್ರೆವ್ನೊವ್ಸ್ಕಿ ಅವನೇ. 1960ರಲ್ಲಿ ಆಂಜೆಯ್ ಮುಂಕ್‌ನ ‘ಮೆಳ್ಳಗಣ್ಣಿನ ಅದೃಷ್ಟ’ದಲ್ಲಿ ಅವನು ನಾಯಕ. ಪಿಶ್ಚಿಕ್ ಎಂಬ ಬಡಪಾಯಿ ಬಂದುಹೋಗುವ ಎಲ್ಲ ಆಡಳಿತಗಳಿಗೂ ತಕ್ಕವನಾಗಲು ಹೆಣಗುತ್ತಾನೆ, ಎಲ್ಲ ಆಡಳಿತಗಳಿಂದಲೂ ಪೆಟ್ಟು ತಿನ್ನುತ್ತಾನೆ. ಕೊನೆಗೆ ನೆಮ್ಮದಿ ಸಿಗುವುದು ಜೈಲಿನಲ್ಲಿ, ಅಲ್ಲಿಂದಲೂ ಬಿಡುಗಡೆ ಮಾಡುತ್ತೇವೆ ಎಂದಾಗ ಬೇಡವೆಂದು ಗೋಗರೆಯುತ್ತಾನೆ. ಪೋಲೆಂಡಿನ ಇಪ್ಪತ್ತನೆಯ ಶತಮಾನವನ್ನು ಅರ್ಥಮಾಡಿಕೊಳ್ಳಲು ಮಾಚೆಕ್ ಎಷ್ಟು ಬೇಕೋ ಪಿಶ್ಚಿಕ್ ಕೂಡ ಅಷ್ಟೇ ಬೇಕು. ದಂಗೆ ಎದ್ದು ಸತ್ತವರಿಗಿಂತ ತಲೆ ತಗ್ಗಿಸಿ ಬದುಕಲು ನೋಡಿದವರ ಸಂಖ್ಯೆಯೇ ಎಲ್ಲ ದೇಶಗಳಲ್ಲೂ ಹೆಚ್ಚಲ್ಲವೆ?

ಗೆಳೆಯನ ನೆನಪಿನ ಚಿತ್ರ ತೆರೆಗೆ ಬಂದ ಕೆಲವೇ ತಿಂಗಳಿಗೆ, 1969ರ ಜುಲೈ 10ರಂದು, ಕಾರು ಅಪಘಾತದಲ್ಲಿ ಆದ ಗಾಯಗಳಿಂದ ಕೊಬಿಯೆಲಾ ತೀರಿಕೊಂಡ. ಅವನಿಗೆ 38 ವರ್ಷ. ಅವನಿಗಾಗಿ ವಾಯ್ದಾ ಇನ್ನೊಂದು ಚಿತ್ರ ಮಾಡಲಿಲ್ಲ. ನಗಿಸಿದವರನ್ನು ನಾವು ಪ್ರೀತಿಯಿಂದಲೇ ನೆನೆಯುತ್ತೇವೆ, ಆದರೆ ಸ್ಮಾರಕ ಕಟ್ಟುವಾಗ ನಮಗೆ ಕಪ್ಪು ಕನ್ನಡಕದ ದುರಂತ ನಾಯಕನೇ ಬೇಕು.

‘ಮೆಳ್ಳಗಣ್ಣಿನ ಅದೃಷ್ಟ’ ಮಾಡಿದ ಮುಂಕ್ ಕೂಡ 1961ರ ಸೆಪ್ಟೆಂಬರಿನಲ್ಲಿ ಕಾರು ಅಪಘಾತದಲ್ಲೇ ಸತ್ತ. ಆಗ ಅವನ ಆಶ್‌ವಿಟ್ಜ್ ಶಿಬಿರದ ಚಿತ್ರ ‘ಪ್ರಯಾಣಿಕಳು’ ಅರ್ಧಕ್ಕೆ ನಿಂತಿತ್ತು. ಗೆಳೆಯ ವಿತೊಲ್ಡ್ ಲೆಸಿಯೆವಿಚ್ ಅದನ್ನು 1963ರಲ್ಲಿ ಪ್ರೇಕ್ಷಕರ ಮುಂದಿಟ್ಟ ಬಗೆ ಗಮನಿಸಬೇಕು. ಸಿಕ್ಕಿದ್ದನ್ನು ಸಿಕ್ಕ ಹಾಗೆ ತೋರಿಸಿದ. ಹಡಗಿನ ಭಾಗಕ್ಕೆ ಸ್ಥಿರಚಿತ್ರಗಳನ್ನೇ ಜೋಡಿಸಿ, ನಿರ್ದೇಶಕ ಸತ್ತಿದ್ದಾನೆ, ಅವನು ಏನು ಮಾಡಲಿದ್ದ ಎಂದು ಊಹಿಸಲು ಹೋಗುವುದಿಲ್ಲ ಎಂಬರ್ಥದ ಮಾತಿಟ್ಟು ಉಳಿದದ್ದನ್ನು ಖಾಲಿ ಬಿಟ್ಟ. ಕಾವಲುಗಾರ್ತಿಯಾಗಿ ಅಲೆಕ್ಸಾಂದ್ರಾ ಶ್ಲೋನ್ಸ್ಕಾ, ಕೈದಿಯಾಗಿ ಅನ್ನಾ ಚೆಪಿಯೆಲೆವ್ಸ್ಕಾ. ಇಬ್ಬರೂ ಈಗಿಲ್ಲ. ಆ ಖಾಲಿ ಜಾಗಗಳ ನಡುವೆ ಅವರಿಬ್ಬರ ಮುಖಗಳು ಇನ್ನಷ್ಟು ತೀಕ್ಷ್ಣವಾಗಿ ಉಳಿದಿವೆ. ನೆನಪು ಎಲ್ಲವನ್ನೂ ತುಂಬಿಕೊಡಬೇಕಾಗಿಲ್ಲ ಎಂಬುದಕ್ಕೆ ನನಗೆ ಈ ಚಿತ್ರವೇ ಸಾಕ್ಷಿ.

*

ಎಲ್ಲರೂ ಒಂದು ಕ್ಷಣದಲ್ಲಿ ಸಾಯುವುದಿಲ್ಲ. ಕೆಲವು ನಟರು ದೇಹಕ್ಕಿಂತ ಮೊದಲು ಭಾಷೆಯನ್ನು ಕಳೆದುಕೊಳ್ಳುತ್ತಾರೆ. ವಾಯ್ದಾನ ಚಿತ್ರದಲ್ಲಿ ಸತ್ತ ನಟನ ಹೆಂಡತಿಯಾದ ಚಿಜೆವ್ಸ್ಕಾ 1960ರ ದಶಕದ ಪೋಲೆಂಡಿನಲ್ಲಿ ದೊಡ್ಡ ತಾರೆ. ಸ್ಕೊಲಿಮೊವ್ಸ್ಕಿಯ ಮೊದಲ ಚಿತ್ರದಲ್ಲಿ ಒಬ್ಬಳೇ ಹಲವು ಹೆಣ್ಣುಗಳ ಪಾತ್ರ ಮಾಡಿದಳು, ‘ಪ್ರೀತಿ ಸಿಗದವಳು’ ಚಿತ್ರದಲ್ಲಿ ಪ್ರೇಮದ ಹುಚ್ಚಿನಲ್ಲಿ ಕರಗಿಹೋಗುವ ನೊಯೆಮಿಯಾದಳು. 1965ರಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಪತ್ರಿಕೆಯ ವರದಿಗಾರ ಡೇವಿಡ್ ಹಾಲ್ಬರ್‌ಸ್ಟಮ್‌ನನ್ನು ಮದುವೆಯಾದಳು. ಅವನ ಬರಹಗಳಿಂದ ಸಿಟ್ಟಾದ ಪೋಲೆಂಡ್ ಸರ್ಕಾರ ಅವನನ್ನು ಹೊರಹಾಕಿತು. ಆ ದಶಕದ ಕೊನೆಯ ಹೊತ್ತಿಗೆ ಅವಳ ಬದುಕು ಅಮೆರಿಕಕ್ಕೆ ಸ್ಥಳಾಂತರಗೊಂಡಿತು.

ಅಲ್ಲಿ ಅವಳ ಉಚ್ಚಾರಣೆ ಅವಳಿಗಿಂತ ಮುಂಚೆ ಕೋಣೆಯೊಳಗೆ ಹೋಗುತ್ತಿತ್ತು. ಸಿಕ್ಕ ಪಾತ್ರಗಳು ಸಣ್ಣವು. ಕೋಸ್ತಾ ಗಾವ್ರಾಸ್‌ನ ‘ಮ್ಯೂಸಿಕ್ ಬಾಕ್ಸ್’ನಲ್ಲಿ ಸಾಕ್ಷಿ ಹೇಳುವ ಹೆಂಗಸಾಗಿ ಸ್ವಲ್ಪ ಹೊತ್ತು ಬರುತ್ತಾಳೆ. ಆ ಸ್ವಲ್ಪ ಹೊತ್ತು ನ್ಯಾಯಾಲಯವೆಲ್ಲ ಅವಳದೇ. ರಂಗಭೂಮಿಯ ಕೆಲಸಕ್ಕೆ ಓಬಿ ಪ್ರಶಸ್ತಿ ಬಂದಿತಾದರೂ ಪೋಲೆಂಡಿನಲ್ಲಿದ್ದ ಜಾಗ ಅಲ್ಲಿ ಸಿಗಲಿಲ್ಲ. ನ್ಯೂಯಾರ್ಕಿನಲ್ಲಿ ನೆಲೆ ಕಳೆದುಕೊಂಡ ನಟಿಯೊಬ್ಬಳ ಕತೆಯಾದ ‘ಅನ್ನಾ’ 1987ರಲ್ಲಿ ಬಂದಾಗ ಅದಕ್ಕೆ ಅವಳ ಬದುಕೇ ಪ್ರೇರಣೆ ಎಂದು ಜನ ಮಾತಾಡಿಕೊಂಡರು. ಮುಖ್ಯ ಪಾತ್ರ ಮಾಡಿ ಆಸ್ಕರ್ ನಾಮನಿರ್ದೇಶನ ಪಡೆದವಳು ಅಮೆರಿಕದ ಸ್ಯಾಲಿ ಕರ್ಕ್‌ಲ್ಯಾಂಡ್. ಎಲ್ಲವೂ ಮಾರಾಟಕ್ಕಿದೆ ಎಂಬ ಮಾತನ್ನು ಚಿಜೆವ್ಸ್ಕಾ ಎರಡನೆಯ ಸಲ ಅನುಭವಿಸಿರಬೇಕು. 2010ರಲ್ಲಿ ಅವಳು ನ್ಯೂಯಾರ್ಕಿನಲ್ಲೇ ತೀರಿಕೊಂಡಳು. ಈ ಸಾವಿನಲ್ಲಿ ದಂತಕತೆಗೆ ಬೇಕಾದ ರೈಲಿಲ್ಲ, ವೇಗವಿಲ್ಲ. ನಲವತ್ತು ವರ್ಷಗಳ ಕಾಯುವಿಕೆಯ ಮೇಲೆ ಯಾರೂ ದಂತಕತೆ ಕಟ್ಟುವುದಿಲ್ಲ.

ಇನ್ನೊಬ್ಬ ತದೇವುಶ್ ವೊಮ್ನಿಟ್ಸ್ಕಿ. ಸಿಬುಲ್ಸ್ಕಿ ಹುಟ್ಟಿದ ವರ್ಷವೇ ಹುಟ್ಟಿದವನು, ಅವನಂತೆಯೇ ಈಗ ಉಕ್ರೇನಿಗೆ ಸೇರಿರುವ ನೆಲದಲ್ಲಿ. ವಾಯ್ದಾನ ಮೊದಲ ಚಿತ್ರ ‘ಒಂದು ತಲೆಮಾರು’ (1955) ಇವನನ್ನು ನಾಯಕನನ್ನಾಗಿಸಿತು, ಸಿಬುಲ್ಸ್ಕಿಗೆ ಅದರಲ್ಲಿ ಸಣ್ಣ ಪಾತ್ರ. ಮುಂದೆ ವೊಮ್ನಿಟ್ಸ್ಕಿ ದೇಶದ ಅತಿ ದೊಡ್ಡ ರಂಗನಟರಲ್ಲಿ ಒಬ್ಬನಾದ, ವಾರ್ಸಾದ ನಾಟಕಶಾಲೆಯ ಮುಖ್ಯಸ್ಥನಾದ, ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯ ಸದಸ್ಯನೂ ಆದ. 1981ರ ಡಿಸೆಂಬರಿನಲ್ಲಿ ಸೈನಿಕ ಆಡಳಿತ ಹೇರಿದಾಗ ಪಕ್ಷ ಬಿಟ್ಟ. ಹೊಂದಾಣಿಕೆ ಎಂದರೇನು ಎಂದು ಅವನಿಗೆ ಒಳಗಿನಿಂದ ಗೊತ್ತಿತ್ತು. ವಾಯ್ದಾನ ‘ಅಮೃತಶಿಲೆಯ ಮನುಷ್ಯ’ (1977) ಚಿತ್ರದಲ್ಲಿ ಒಂದು ಕಾಲಕ್ಕೆ ಪ್ರಚಾರ ಚಿತ್ರ ಮಾಡಿ ಈಗ ಯಶಸ್ವಿಯಾಗಿರುವ ನಿರ್ದೇಶಕನ ಪಾತ್ರ ಅವನದು. ಅವನ ಸೌಜನ್ಯದ ನಗುವಿನ ಹಿಂದೆ ಒಂದು ಮುಜುಗರ ಸದಾ ಕಾಣುತ್ತದೆ. ಅದು ಅಭಿನಯವೋ ಆತ್ಮಕತೆಯೋ ಎಂದು ಬೇರ್ಪಡಿಸುವುದು ಕಷ್ಟ.

1992ರ ಫೆಬ್ರವರಿ 22ರಂದು ಪೊಜ್ನಾನ್ ನಗರದಲ್ಲಿ ‘ಕಿಂಗ್ ಲಿಯರ್’ ನಾಟಕದ ತಾಲೀಮು ನಡೆಯುತ್ತಿತ್ತು. ಮೊದಲ ಪ್ರದರ್ಶನಕ್ಕೆ ಕೆಲವೇ ದಿನ ಬಾಕಿ. ಹುಚ್ಚು ಹಿಡಿದ ದೊರೆ ತನ್ನನ್ನು ಹುಡುಕಿಕೊಂಡು ಬಂದವರ ಕೈಗೆ ಸಿಗದೆ ಓಡುವ ದೃಶ್ಯ. ವೊಮ್ನಿಟ್ಸ್ಕಿ ರಂಗದ ಮೇಲೆಯೇ ಕುಸಿದು ಸತ್ತ. ನೋಡಿ, ಇಲ್ಲೂ ಓಟ! ನನ್ನ ಲೇಖನಿಯೂ ತಂತಾನೇ ರೈಲಿನ ಕಡೆಗೆ ತಿರುಗಿತು. ‘ಓಡುತ್ತ ಸತ್ತ ಇಬ್ಬರು’ ಎಂದು ಬರೆದರೆ ಎಷ್ಟು ಚೆನ್ನಾಗಿರುತ್ತದೆ! ಆದರೆ ಹಾಗೆ ಬರೆದ ಕೂಡಲೇ ಕೇಂದ್ರ ಸಮಿತಿ, ರಾಜೀನಾಮೆ, ಮುಜುಗರದ ನಗು ಎಲ್ಲವೂ ಅಳಿಸಿಹೋಗುತ್ತದೆ. ಚಂದದ ಸಾವು ತೊಡಕಿನ ಬದುಕನ್ನು ನುಂಗಿಬಿಡುತ್ತದೆ.

*

ಪೋಲೆಂಡಿನಲ್ಲಿ ನವೆಂಬರ್ 1 ಸಮಾಧಿಗಳಿಗೆ ಹೋಗುವ ದಿನ. ಸಂಜೆಯಾಗುತ್ತಿದ್ದಂತೆ ಸ್ಮಶಾನಗಳು ಗಾಜಿನ ಗೂಡಿನೊಳಗಿನ ಮೇಣದ ದೀಪಗಳಿಂದ ತುಂಬಿಹೋಗುತ್ತವೆ. ಬಾರಿನ ಕಟ್ಟೆಯ ಮೇಲೆ ಮಾಚೆಕ್ ಹಚ್ಚಿದ ಗ್ಲಾಸುಗಳು ಅಲ್ಲಿಯ ಪ್ರೇಕ್ಷಕರಿಗೆ ಯಾಕೆ ಅಷ್ಟು ತಟ್ಟಿದವು ಎಂದು ಇದು ಗೊತ್ತಾದ ಮೇಲೆಯೇ ಅರ್ಥವಾಗುತ್ತದೆ. ವಾರ್ಸಾದ ಹಳೆಯ ಪೊವೊನ್ಸ್ಕಿ ಸ್ಮಶಾನದಲ್ಲಿ ಅಂದು ಇನ್ನೊಂದು ಪದ್ಧತಿಯಿದೆ. ಹೆಸರಾಂತ ನಟ ನಟಿಯರು ಡಬ್ಬಿ ಹಿಡಿದು ದಾರಿಯಲ್ಲಿ ನಿಂತು, ಶಿಥಿಲವಾದ ಹಳೆಯ ಸಮಾಧಿಗಳ ದುರಸ್ತಿಗೆ ಹಣ ಕೂಡಿಸುತ್ತಾರೆ. ಲೇಖಕ ಯೆಝಿ ವಾಲ್ಡಾರ್ಫ್ 1970ರ ದಶಕದಲ್ಲಿ ಶುರುಮಾಡಿದ ಪದ್ಧತಿ ಇದು, ಇಂದಿಗೂ ನಡೆದಿದೆ. ಡಬ್ಬಿ ಹಿಡಿದವರು ಮುಂದೊಂದು ದಿನ ಆ ಸಾಲಿಗೇ ಸೇರುತ್ತಾರೆ. ಇದರಲ್ಲಿ ಅಬ್ಬರವಿಲ್ಲ. ಕಲ್ಲು ಬಿರುಕು ಬಿಟ್ಟಿದೆ, ಸರಿಮಾಡಿಸಬೇಕು, ಅಷ್ಟೆ. ನೆನಪು ಇಲ್ಲಿ ಒಂದು ಕೆಲಸ.

ವಿಮರ್ಶೆಯೂ ಅಂಥದ್ದೊಂದು ದುರಸ್ತಿಯ ಕೆಲಸ ಎಂದುಕೊಂಡಿದ್ದೇನೆ. ಸವೆದುಹೋದ ಅಕ್ಷರಗಳನ್ನು ಮತ್ತೆ ಓದುವಂತೆ ಮಾಡುವುದು. ಸಿಬುಲ್ಸ್ಕಿಯ ನಗು, ಕ್ರಾಫ್ಟೂವ್ನಾಳ ಲೆಕ್ಕಾಚಾರ, ಕೊಬಿಯೆಲಾನ ಗೋಗರೆತ, ಚಿಜೆವ್ಸ್ಕಾಳ ಸಾಕ್ಷ್ಯ, ವೊಮ್ನಿಟ್ಸ್ಕಿಯ ಮುಜುಗರ. ಇವು ಅವರ ಸಾವಿನ ಮುನ್ಸೂಚನೆಗಳಲ್ಲ, ಬದುಕಿದ್ದಾಗ ಪ್ರಯತ್ನಪಟ್ಟು ಮಾಡಿದ ಆಯ್ಕೆಗಳು.

ಕಿಶ್ಲೋವ್ಸ್ಕಿಯ ‘ಹವ್ಯಾಸಿ’ (1979) ಚಿತ್ರದಲ್ಲೊಂದು ಪುಟ್ಟ ಪ್ರಸಂಗವಿದೆ. ಮಗಳ ಮೊದಲ ದಿನಗಳನ್ನು ಹಿಡಿದಿಡಲು ಕ್ಯಾಮರಾ ಕೊಂಡ ಕಾರ್ಖಾನೆಯ ನೌಕರ ಫಿಲಿಪ್ ಕಂಡದ್ದನ್ನೆಲ್ಲ ಚಿತ್ರೀಕರಿಸುತ್ತಾನೆ. ಒಂದು ದಿನ ಗೆಳೆಯನನ್ನು ಚಿತ್ರೀಕರಿಸುವಾಗ ಗೆಳೆಯನ ತಾಯಿ ಕಿಟಕಿಯಿಂದ ಕೈಬೀಸುತ್ತಾಳೆ. ಕೆಲ ದಿನಗಳಲ್ಲಿ ಅವಳು ಸಾಯುತ್ತಾಳೆ. ಗೆಳೆಯ ಬಂದು ಆ ತುಣುಕನ್ನು ತೋರಿಸು ಎನ್ನುತ್ತಾನೆ. ಗೋಡೆಯ ಮೇಲೆ ತಾಯಿ ಮತ್ತೆ ಕೈಬೀಸುತ್ತಾಳೆ. ಅವಳಿಗೆ ತನ್ನ ಸಾವಿನ ಸುದ್ದಿ ಗೊತ್ತಿಲ್ಲ. ಅವಳು ಮಗನಿಗೆ ಕೈಬೀಸುತ್ತಿದ್ದಾಳೆ, ಬೇರೇನೂ ಇಲ್ಲ. ಮಗನಿಗೆ ಬೇಕಾಗಿದ್ದದ್ದೂ ಅದೇ.

ಫಿಲಿಪ್ ಆಗಿದ್ದ ಯೆಝಿ ಶ್ತೂರ್ 2024ರ ಜುಲೈ 9ರಂದು ಕ್ರಾಕೊವ್‌ನಲ್ಲಿ ತೀರಿಕೊಂಡ. ಆ ದೃಶ್ಯವನ್ನು ಈಗ ನೋಡುವವರಿಗೆ ಕೈಬೀಸುವ ತಾಯಿಯ ಜೊತೆಗೆ ಪ್ರೊಜೆಕ್ಟರಿನ ಪಕ್ಕದಲ್ಲಿ ಕೂತ ಶ್ತೂರ್ ಕೂಡ ಕಾಣುತ್ತಾನೆ. ತನ್ನ ಯಂತ್ರ ಇಂಥದ್ದೊಂದು ಕೆಲಸವನ್ನೂ ಮಾಡಬಲ್ಲದೆಂದು ಆಗಷ್ಟೇ ತಿಳಿದವನ ಹಾಗೆ ಸ್ವಲ್ಪ ಅಪ್ರತಿಭನಾಗಿ, ಗೆಳೆಯನ ಮುಖ ನೋಡಲು ಸಂಕೋಚಪಡುತ್ತಾನೆ. ಅವನ ಸಾವನ್ನು ಮರೆತು ಆ ಸಂಕೋಚವನ್ನಷ್ಟೇ ನೋಡಲು ಸಾಧ್ಯವಾದರೆ ಅವನನ್ನು ಸರಿಯಾಗಿ ನೆನೆದ ಹಾಗೆ.